ವಿಮಲಾಬಾಯಿಯ ಹುತುತು

ನಿವೃತ್ತಿಗೆ ಇನ್ನು ಕೆಲವೇ ತಿಂಗಳು ಉಳಿದಿರುವಾಗ ವಿಮಲಾಬಾಯಿ ಟೀಚರ್ ಕಬಡ್ಡಿ ಆಡಲು ಹೊರಟಳು. ಸುದ್ದಿ ಕೇಳಿ ಸೇಡಂನಲ್ಲಿ ನಗದೆ ಉಳಿದವರು ಇಬ್ಬರೇ. ಒಬ್ಬಳು ಸ್ವತಃ ವಿಮಲಾಬಾಯಿ, ಇನ್ನೊಬ್ಬ ಆಕೆಯ ಗಂಡ ನಾಗೇಂದ್ರಪ್ಪ. ಆಕೆ ನಗಲಿಲ್ಲ, ಯಾಕೆಂದರೆ ಅದು ಆಕೆಯ ಜೀವದ ಆಸೆ. ಆತ ನಗಲಿಲ್ಲ, ಯಾಕೆಂದರೆ ಆಗಷ್ಟೇ ಮೊಬೈಲಿನಲ್ಲಿ ಒಂದು ಸಿನಿಮಾ ನೋಡಿ ಅತ್ತು ಮೂಗು ಒರೆಸಿಕೊಳ್ಳುತ್ತಿದ್ದ.

ಮೊದಲು ಆಕೆಯ ಆಸೆಯ ಮಾತು. ವಿಮಲಾಬಾಯಿ ಹುಟ್ಟಿದ್ದು ತೆಂಗಳಿಯಲ್ಲಿ. ಆಕೆ ಲಂಗ ಹಾಕುತ್ತಿದ್ದ ಕಾಲಕ್ಕೆ ಅಲ್ಲಿ ಕಬಡ್ಡಿ ಎಂಬ ಶಬ್ದವನ್ನು ಯಾರೂ ಕೇಳಿರಲಿಲ್ಲ. ಅಲ್ಲಿದ್ದದ್ದು ಹುತುತು. ಆಟ ಅದೇ. ಎದುರಿನವರ ಕಡೆ ಹೋಗಬೇಕು, ಒಬ್ಬರನ್ನಾದರೂ ಮುಟ್ಟಬೇಕು, ಒಂದೇ ಉಸಿರಿನಲ್ಲಿ ವಾಪಸ್ ಬರಬೇಕು. ಆದರೆ ಬಾಯಲ್ಲಿ ಹೇಳುವುದು "ಹುತುತುತುತು" ಎಂದು. ಕಣದಲ್ಲಿ ಕಾಲಿನಿಂದ ಒಂದು ಗೆರೆ ಎಳೆದರೆ ಮುಗಿಯಿತು, ಊಟಕ್ಕೆ ಕರೆಯುವವರೆಗೆ ಆಟ. ವಿಮಲಾ ಹುಡುಗರ ಗುಂಪಿಗೆ ನುಗ್ಗಿ ಯಾರದಾದರೂ ಅಂಗಿ ಹರಿದೇ ಬರುತ್ತಿದ್ದಳು. ಹರಿದ ಅಂಗಿಗಳ ತಾಯಂದಿರು ಸಂಜೆ ಜಗಳಕ್ಕೆ ಬರುತ್ತಿದ್ದರು. ಅವರಿಗೆ ಚಹ ಕೊಟ್ಟು ಕಳಿಸುವುದು ವಿಮಲಾಳ ತಾಯಿಯ ದಿನದ ಕೆಲಸ.

ಆಮೇಲೆ ಶಾಲೆಗೆ ಒಬ್ಬ ಪಿ.ಟಿ. ಮಾಸ್ತರು ಬಂದರು, ಸುಣ್ಣದಲ್ಲಿ ಗೆರೆ ಎಳೆದರು, ಸೀಟಿ ಊದಿದರು, ಪಾಯಿಂಟು ಬರೆದರು. ಇದು ಕಬಡ್ಡಿ, ಇದು ಹುಡುಗರಿಗೆ ಎಂದರು. ಹುಡುಗಿಯರ ಕೈಗೆ ಲೇಜಿಮ್ ಕೊಟ್ಟು ಝಣ್ ಝಣ್ ಎನಿಸಿದರು. ಅದೇ ವರ್ಷ ಮನೆಯಲ್ಲಿ "ನೀ ಈಗ ದೊಡ್ಡಾಕಿ ಆಗೀದಿ" ಎಂದು ಕಣಕ್ಕೆ ಹೋಗುವುದನ್ನೂ ನಿಲ್ಲಿಸಿದರು. ಹೀಗೆ ಆಟಕ್ಕೆ ಮರ್ಯಾದೆ ಬಂದ ಕೂಡಲೇ ವಿಮಲಾಳನ್ನು ಅದರಿಂದ ಹೊರಗೆ ಹಾಕಲಾಯಿತು.

ಮುಂದೆ ಮದುವೆ, ಮಕ್ಕಳು, ಆಡಕಿ ಕಡೆಯ ಒಂದು ಶಾಲೆಯಲ್ಲಿ ನೌಕರಿ ಎಲ್ಲವೂ ಆಯಿತು. ನೌಕರರ ಕ್ರೀಡಾಕೂಟಗಳೂ ಆದವು. ಅಲ್ಲಿ ಹೆಂಗಸರಿಗೆ ಇರುತ್ತಿದ್ದದ್ದು ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ನಡೆಯುವ ಸ್ಪರ್ಧೆ, ಕುರ್ಚಿ ಸುತ್ತುವ ಸ್ಪರ್ಧೆ, ರಂಗೋಲಿ. ವಿಮಲಾಬಾಯಿ ಎಲ್ಲದರಲ್ಲೂ ಗೆದ್ದಳು. ಆಕೆಯ ಅಡುಗೆಮನೆಯ ಅರ್ಧ ಸ್ಟೀಲು ಪಾತ್ರೆ ನಿಂಬೆಹಣ್ಣಿನ ದಯೆಯಿಂದ ಬಂದದ್ದು. ಪ್ರತಿ ಸಲ ಡಬ್ಬಿ ಹಿಡಿದುಕೊಂಡು ಬರುವಾಗ ಗಂಡಸರ ಕಬಡ್ಡಿ ಅಂಗಳದ ಹತ್ತಿರ ನಿಲ್ಲುತ್ತಿದ್ದಳು. ಬಾಯಿ ಮುಚ್ಚಿಕೊಂಡಿದ್ದರೂ ಒಳಗೆ ನಾಲಿಗೆ ತನ್ನಷ್ಟಕ್ಕೆ ಹುತುತು ಅನ್ನುತ್ತಿತ್ತು. ಸುಣ್ಣದ ಗೆರೆ ಇರುವ ಅಂಗಳದಲ್ಲಿ, ಸೀಟಿ ಹಿಡಿದವನ ಮುಂದೆ, ಒಂದೇ ಒಂದು ಪಾಯಿಂಟು ತನ್ನದೆಂದು ಬರೆಸಬೇಕು. ಆಕೆಗೆ ಬೇಕಾಗಿದ್ದು ಇಷ್ಟೇ. ಕೇಳಿದರೆ ಜನ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ಈ ವರ್ಷ ಶಹಾಬಾದದಲ್ಲಿ ಸುತ್ತಲಿನ ನಾಲ್ಕು ತಾಲೂಕುಗಳ ನೌಕರರ ಕೂಟ ಎಂದು ಗೊತ್ತಾಯಿತು. ಅದರಲ್ಲಿ ಮೊದಲ ಬಾರಿಗೆ ನಲವತ್ತು ದಾಟಿದ ಹೆಂಗಸರಿಗೆ ಕಬಡ್ಡಿ. ಸೇಡಂ ತಂಡಕ್ಕೆ ಆಸ್ಪತ್ರೆಯ ನರ್ಸ್ ಸುಮಂಗಲಾ ಕ್ಯಾಪ್ಟನ್. ಆಕೆ ಎಲ್ಲ ಆಫೀಸುಗಳನ್ನೂ ಅಲೆದು ಆರು ಮಂದಿಯನ್ನು ಹೊಂದಿಸಿದ್ದಳು. ಏಳನೆಯವಳು ಸಿಗದೆ ಕೊನೆಗೆ ವಿಮಲಾಬಾಯಿಯ ಮನೆಗೆ ಬಂದಳು.

"ಟೀಚರ್, ನೀವು ಏನೂ ಮಾಡಬ್ಯಾಡ್ರಿ. ಸುಮ್ ಮೂಲ್ಯಾಗ ನಿಂದ್ರಬೇಕು, ಅಷ್ಟೇ. ಲೆಕ್ಕಕ್ಕ ಏಳ ಮಂದಿ ಆಗಬೇಕು ನೋಡ್ರಿ" ಎಂದಳು.

"ನಿಂದ್ರತೀನವ್ವ" ಎಂದಳು ವಿಮಲಾಬಾಯಿ, ಬಡಪಾಯಿಯ ಮುಖ ಮಾಡಿಕೊಂಡು. ಸುಮಂಗಲಾ ಅತ್ತ ಹೋದ ಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತೊಡೆ ತಟ್ಟಿದಳು. ಸಪ್ಪಳಕ್ಕೆ ನಾಗೇಂದ್ರಪ್ಪ ಓಡಿ ಬಂದ.

ನಾಗೇಂದ್ರಪ್ಪ ಟೆಲಿಫೋನ್ ಆಫೀಸಿನಿಂದ ನಿವೃತ್ತನಾದವನು. ಅಂದಿನಿಂದ ಆತ ಮಾಡುತ್ತಿದ್ದ ಏಕೈಕ ಉದ್ಯೋಗವೆಂದರೆ ಕ್ರೀಡೆಯ ಸಿನಿಮಾ ನೋಡುವುದು. ಆ ಸಿನಿಮಾಗಳೆಲ್ಲ ಒಂದೇ ಅಚ್ಚಿನವು. ವಯಸ್ಸಾದ ಒಬ್ಬ ಆಟಗಾರ, ಊರೆಲ್ಲ ಅವನನ್ನು ನೋಡಿ ನಗಬೇಕು. ಕುಡುಕನಾದ ಒಬ್ಬ ಕೋಚು, ಅವನಿಗೊಂದು ಹಳೆಯ ದುಃಖ. ನಸುಕಿನಲ್ಲಿ ಓಟ, ಹಿಂದೆ ಡೋಲು ಪಿಟೀಲು, ಕೊನೆಯ ಕ್ಷಣದಲ್ಲಿ ಗೆಲುವು. ಹೆಂಡತಿಯ ಆಸೆ ತಿಳಿದ ಕೂಡಲೇ ನಾಗೇಂದ್ರಪ್ಪನಿಗೆ ತನ್ನ ಜನ್ಮ ಯಾತಕ್ಕಾಗಿ ಆಗಿದೆ ಎಂಬುದು ಹೊಳೆಯಿತು. ಅವತ್ತೇ ಬಜಾರಿಗೆ ಹೋಗಿ ಒಂದು ಸೀಟಿ, ಒಂದು ಬಿಳಿ ಟೋಪಿ ತಂದ. ಕೋಚ್ ಕುಡುಕನಾಗಿರಬೇಕಿತ್ತು. ಆದರೆ ಆತ ಲಿಂಗಪೂಜೆ ಮಾಡದೆ ಚಹವನ್ನೂ ಕುಡಿಯುವವನಲ್ಲ. ಹಾಗಾಗಿ ಆ ಭಾಗವನ್ನು ಬಿಟ್ಟುಬಿಟ್ಟ.

ಮರುದಿನ ನಸುಕಿನಲ್ಲಿ ತೊಗರಿ ಹೊಲಗಳ ನಡುವಿನ ರಸ್ತೆಯಲ್ಲಿ ವಿಮಲಾಬಾಯಿ ಓಡಿದಳು. ಓಡಿದಳು ಎಂದು ಬರೆಯುವುದು ಮರ್ಯಾದೆಗೆ. ಮಗಳು ಕಳಿಸಿದ ಗುಲಾಬಿ ಪಟ್ಟಿಯ ಟ್ರ್ಯಾಕ್ ಸೂಟಿನ ಮೇಲೆ ಸಂಕೋಚಕ್ಕೆ ಒಂದು ಶಾಲು ಹೊದ್ದು, ತಂಬಿಗೆ ಹಿಡಿದು ಹೊರಟವರಿಗೆಲ್ಲ "ಆರಾಮ್ರಿ?" ಎನ್ನುತ್ತ ಮುಂದೆ ಸಾಗಿದಳು. ಹಿಂದೆ ಸ್ಕೂಟಿಯ ಮೇಲೆ ನಾಗೇಂದ್ರಪ್ಪ ಸೀಟಿ ಊದುತ್ತಿದ್ದ. ಸೀಟಿಗೆ ಸುತ್ತಲಿನ ನಾಯಿಗಳೆಲ್ಲ ಸೇರಿದವು. ಅವು ಬೆನ್ನು ಹತ್ತಿದ ಮೇಲೆ ಮಾತ್ರ ವಿಮಲಾಬಾಯಿ ನಿಜವಾಗಿ ಓಡಿದಳು, ಸ್ಕೂಟಿಯನ್ನೂ ಹಿಂದೆ ಹಾಕಿದಳು.

"ಶಾಬಾಸ್! ಸಿನಿಮಾದಾಗ ಹಿಂಗೇ ಆಗತದ!" ಎಂದು ನಾಗೇಂದ್ರಪ್ಪ ಹಿಂದಿನಿಂದ ಕೂಗಿದ.

"ನಿಮ್ಮ ಸಿನಿಮಾಕ್ಕ ಬೆಂಕಿ ಹತ್ತಲಿ! ಮೊದಲ ನಾಯಿ ಹೊಡೀರಿ!"

ಕಾಲಿನ ತೊಂದರೆ ಹೀಗೆ ನಾಯಿಗಳ ಸಹಾಯದಿಂದ ನೀಗಿತು. ನಿಜವಾದ ತೊಂದರೆ ಬಾಯಲ್ಲಿತ್ತು. ನಾಗೇಂದ್ರಪ್ಪ ಆಕೆಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, "ಒಂದು ದಮ್ಮಿನ್ಯಾಗ ಕಬಡ್ಡಿ ಕಬಡ್ಡಿ ಅನಕೋತ ಗೇಟಿನ ತನಾ ಹೋಗಿ ಬಾ" ಎಂದ. ಆಕೆ ಹೊರಟಳು. ಬಚ್ಚಲ ಬಾಗಿಲ ಹತ್ತಿರ ಬರುವಷ್ಟರಲ್ಲಿ ಉಸಿರು ಮುಗಿದು ಗೋಡೆ ಹಿಡಿದು ನಿಂತಳು. ಇನ್ನೊಮ್ಮೆ, ಮತ್ತೊಮ್ಮೆ ಮಾಡಿದರೂ ಬಚ್ಚಲು ದಾಟಲಿಲ್ಲ.

"ನಿನ್ನ ದಮ್ಮು ಹೋಗ್ಯದ" ಎಂದು ಕೋಚು ಬೇಸರದಿಂದ ಸೀಟಿಯನ್ನು ಕಿಸೆಯಲ್ಲಿಟ್ಟ.

ಆ ಮಾತು ವಿಮಲಾಬಾಯಿಗೆ ನಾಟಿತು. ಇಡೀ ತರಗತಿಗೆ ಒಂದೇ ಉಸಿರಿಗೆ ಮಗ್ಗಿ ಹೇಳಿಸುವವಳು ಆಕೆ. ದಮ್ಮು ಎಲ್ಲಿಗೆ ಹೋಗುತ್ತದೆ? ಸಿಟ್ಟಿನಲ್ಲಿ ಸೊಂಟಕ್ಕೆ ಕೈ ಕೊಟ್ಟು "ಹುತುತುತುತು" ಎಂದು ಹೊರಟಳು. ಬಚ್ಚಲು ದಾಟಿದಳು, ಪಡಸಾಲೆ ದಾಟಿದಳು, ಗೇಟು ಮುಟ್ಟಿದಳು, ತಿರುಗಿ ಬಂದಳು, ಹುತುತು ಅನ್ನುತ್ತಲೇ ಒಲೆ ಹಚ್ಚಿ ಚಹಕ್ಕೆ ನೀರಿಟ್ಟಳು. ಆಮೇಲೆ ಉಸಿರು ಬಿಟ್ಟಳು.

ಗಂಡಹೆಂಡತಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಕಬಡ್ಡಿ ಎನ್ನಲು ಒಮ್ಮೆ ಗಂಟಲು ತೆರೆಯಬೇಕು, ಒಮ್ಮೆ ತುಟಿ ಮುಚ್ಚಬೇಕು, ಒಮ್ಮೆ ನಾಲಿಗೆ ಮಡಚಿ ಡ್ಡಿ ಎನ್ನಬೇಕು. ಪ್ರತಿ ಡ್ಡಿಗೂ ಒಂದಿಷ್ಟು ಉಸಿರು ಸೋರುತ್ತದೆ. ಹುತುತುವಿಗೆ ಅದೊಂದೂ ಬೇಡ. ನಾಲಿಗೆಯ ತುದಿ ಹಲ್ಲಿಗೆ ತಾಗುತ್ತ ತನ್ನ ಪಾಡಿಗೆ ಓಡುತ್ತದೆ. ಎಳೆಯ ವಯಸ್ಸಿನಲ್ಲಿ ಆಕೆಯ ಉಸಿರು ಪಳಗಿದ್ದು ಆ ಶಬ್ದಕ್ಕೆ. ಈಗ ಬೇರೆ ಶಬ್ದಕ್ಕೆ ದುಡಿ ಎಂದರೆ ಅದು ಒಪ್ಪುತ್ತಿರಲಿಲ್ಲ.

"ಆದ್ರ ರೂಲ್ಸಿನ್ಯಾಗ ಕಬಡ್ಡಿ ಅಂತಲೇ ಅನಬೇಕು" ಎಂದ ನಾಗೇಂದ್ರಪ್ಪ.

"ಅಂತೀನಿ ಬಿಡ್ರಿ. ಕಲೀಲಿಕ್ಕ ಏನ್ ರೋಗ?" ಎಂದಳು ವಿಮಲಾಬಾಯಿ. ಆವತ್ತಿನಿಂದ ರೊಟ್ಟಿ ಬಡಿಯುವಾಗ ಕಬಡ್ಡಿ, ಪಾತ್ರೆ ತೊಳೆಯುವಾಗ ಕಬಡ್ಡಿ. ಶಾಲೆಯಲ್ಲಿ ಹಾಜರಿ ಕೂಗುವಾಗ ಒಂದು ಹೆಸರಿನ ನಡುವೆಯೂ ಕಬಡ್ಡಿ ನುಸುಳಿ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಕೂಟದ ಹಿಂದಿನ ದಿನದ ಹೊತ್ತಿಗೆ ಆಕೆ ಕಬಡ್ಡಿ ಎನ್ನುತ್ತ ಪಡಸಾಲೆಯವರೆಗೆ ಬಂದಿದ್ದಳು. ಗೇಟು ಇನ್ನೂ ದೂರವಿತ್ತು.

ಕ್ರೂಸರ್ ಗಾಡಿಯಲ್ಲಿ ತಂಡ ಚಿತ್ತಾಪುರ, ವಾಡಿ, ರಾವೂರ ದಾಟಿ ಶಹಾಬಾದಿಗೆ ಹೊರಟಿತು. ನಾಗೇಂದ್ರಪ್ಪ ಡ್ರೈವರನ ಪಕ್ಕ ಕೂತು, ಹಿಂದಕ್ಕೆ ತಿರುಗಿ, ಸಿನಿಮಾದಲ್ಲಿ ಕೋಚು ಮಾಡುವಂಥ ಭಾಷಣ ಶುರುಮಾಡಿದ. ರಾವೂರದ ಹತ್ತಿರ ಎದುರಿಗೆ ಬಂದ ಕಲ್ಲಿನ ಲಾರಿಗಳ ಧೂಳು ಬಾಯಿಗೆ ಹೊಕ್ಕು ಭಾಷಣ ಕೆಮ್ಮಾಗಿ ಮುಗಿಯಿತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಭಾಷಣಕ್ಕಲ್ಲ, ಧೂಳಿಗೆ.

ಶಹಾಬಾದಿನಲ್ಲಿ ಸೇಡಂ ತಂಡ ಬೆವರು ಸುರಿಸದೆ ಫೈನಲ್ ತಲುಪಿತು. ಮೊದಲ ಆಟ ಚಿಂಚೋಳಿಯವರ ಜೊತೆ ಇತ್ತು. ಅವರ ತಂಡದ ಅರ್ಧ ಮಂದಿ ಕ್ಯಾಪ್ಟನ್ನಿನ ತಂಗಿಯ ಮಗಳ ನಿಶ್ಚಯಕ್ಕೆ ಹೋಗಿದ್ದರಿಂದ ಉಳಿದರ್ಧ ಮಂದಿ ಬರಲೇ ಇಲ್ಲ. ಇನ್ನೊಂದು ಕಡೆಯಿಂದ ಚಿತ್ತಾಪುರದವರು ಶಹಾಬಾದಿನವರನ್ನು ಸೋಲಿಸಿ ಬಂದರು. ಅವರ ಕ್ಯಾಪ್ಟನ್ ಲೀಲಾಬಾಯಿ ತಾಲೂಕು ಆಫೀಸಿನ ಕ್ಲಾರ್ಕ್. ತೆಳ್ಳಗೆ ಉದ್ದಕ್ಕೆ ಇರುವ ಹೆಂಗಸು, ಐವತ್ತು ದಾಟಿದ್ದರೂ ಕಾಲೇಜಿನ ದಿನಗಳಿಂದ ಕಬಡ್ಡಿಯ ಮೆಡಲು ಪಡೆಯುತ್ತ ಬಂದವಳು. ವಿಮಲಾಬಾಯಿಯ ಗುಲಾಬಿ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, "ಟೀಚರ್, ಬಿದ್ದೀರಿ, ಸಾವಕಾಶ" ಎಂದಳು.

ರೆಫ್ರಿ ತೌಹೀದ ಎಂಬ ಹೊಸ ಹುಡುಗ, ನಿಯಮವನ್ನು ಬಾಯಿಪಾಠ ಮಾಡಿಕೊಂಡು ಬಂದವನು. ಅವನು ಸೀಟಿ ಊದಿದ. ಸುಮಂಗಲಾ ವಿಮಲಾಬಾಯಿಯನ್ನು ಹೇಳಿದಂತೆಯೇ ಮೂಲೆಗೆ ನಿಲ್ಲಿಸಿದಳು. ಆದರೆ ಸೇಡಂನ ಸರದಿ ಬಂದ ಕೂಡಲೇ, ಯಾರೂ ಹೋಗು ಎನ್ನುವ ಮೊದಲೇ, ವಿಮಲಾಬಾಯಿ ಮೂಲೆಯಿಂದ ಹೊರಟು ಗೆರೆ ದಾಟಿಬಿಟ್ಟಳು. ಕಾಲಿನ ಕೆಳಗೆ ಸುಣ್ಣದ ಗೆರೆ, ಎದುರಿಗೆ ಏಳು ಜನ ಕೈ ಚಾಚಿ ನಿಂತವರು, ಸುತ್ತಲೂ ಮಂದಿ. ಬಹಳ ದಿನದ ಮೇಲೆ ತವರಿಗೆ ಹೋದವಳಂತೆ ಆಕೆಯ ಎದೆ ತುಂಬಿತು, ಬಾಯಿ ತೆರೆಯಿತು.

"ಹುತುತುತುತುತು..."

ಚಿತ್ತಾಪುರದ ಏಳೂ ಮಂದಿ ದಂಗಾಗಿ ನಿಂತರು. ತೌಹೀದ ಸೀಟಿ ಊದಿದ.

"ಟೀಚರ್, ಕಬಡ್ಡಿ ಅನಬೇಕ್ರಿ."

"ಅಂದೆನಲ್ಲಪಾ."

"ಹುತುತು ಅಂದ್ರಿ."

"ಎರಡೂ ಒಂದೇ ಅಲ್ಲೇನೋ?"

"ರೂಲ್ಸಿನ್ಯಾಗ ಅದು ಇಲ್ರಿ. ವಾಪಸ್ ಹೋಗ್ರಿ. ಪಾಯಿಂಟ್ ಚಿತ್ತಾಪುರಕ್ಕ."

ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ವರ್ಷ ಕಾದು ವಿಮಲಾಬಾಯಿ ಬರೆಸಿದ ಮೊದಲ ಪಾಯಿಂಟು ಎದುರಿನವರ ಹೆಸರಿಗೆ ಹೋಯಿತು. ಆಕೆ ಮೂಲೆಗೆ ಬಂದು ನಿಂತಳು. ಸುಮಂಗಲಾ ಹಲ್ಲು ಕಚ್ಚಿ, "ನಿಮಗ ಕೈ ಮುಗೀತೀನಿ, ಈ ಮೂಲಿ ಬಿಟ್ಟು ಹಂದಬ್ಯಾಡ್ರಿ" ಎಂದಳು. ನಾಚಿಕೆಯಾಯಿತು ಎನ್ನುವುದು ಕಡಿಮೆಯಾದೀತು. ಭೂಮಿ ಬಾಯಿ ಬಿಡಬಾರದೇ ಅನಿಸಿತು ಆಕೆಗೆ.

ಆಟ ಸಾಗಿತು. ಸಾಗಿತು ಎಂದರೆ ಚಿತ್ತಾಪುರದವರ ಕಡೆಗೆ ಸಾಗಿತು. ನಾಗೇಂದ್ರಪ್ಪ ಅಂಗಳದ ಹೊರಗೆ ಅತ್ತಿಂದಿತ್ತ ಓಡಾಡುತ್ತ ಮನಸ್ಸಿಗೆ ಬಂದಾಗಲೆಲ್ಲ ತನ್ನ ಸೀಟಿ ಊದುತ್ತಿದ್ದ. ಮೊದಮೊದಲು ಆಟಗಾರ್ತಿಯರು ಬೆಚ್ಚಿ ನಿಲ್ಲುತ್ತಿದ್ದರು. ಆಮೇಲೆ ಯಾರ ಸೀಟಿಗೂ ಕಿವಿಗೊಡುವುದನ್ನೇ ಬಿಟ್ಟರು. ತೌಹೀದ ಎರಡು ಸಲ ಬಂದು "ಅಜ್ಜಾರ, ಸುಮ್ ಕುಂದ್ರಿ" ಎಂದು ಬೇಡಿಕೊಂಡ. ಅಜ್ಜಾರ ಎಂದದ್ದಕ್ಕೆ ನಾಗೇಂದ್ರಪ್ಪ ಮುನಿಸಿಕೊಂಡು ಇನ್ನೂ ಜೋರಾಗಿ ಊದಿದ.

ಲೀಲಾಬಾಯಿ ಬಂದಾಗಲೆಲ್ಲ ಸೇಡಂನವರಲ್ಲಿ ಒಬ್ಬಿಬ್ಬರನ್ನು ಮುಟ್ಟಿಕೊಂಡೇ ಹೋಗುತ್ತಿದ್ದಳು. ಮೂಲೆಯಲ್ಲಿದ್ದ ವಿಮಲಾಬಾಯಿಯನ್ನು ಮುಟ್ಟುವ ತೊಂದರೆಯನ್ನು ಮಾತ್ರ ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಸುಮಂಗಲಾಳೂ ಔಟಾಗಿ ಹೊರಗೆ ಕೂತಾಗ ನೋಡಿದರೆ ಸೇಡಂನ ಅಂಗಳದಲ್ಲಿ ಉಳಿದವಳು ವಿಮಲಾಬಾಯಿ ಒಬ್ಬಳೇ. ಹೊತ್ತು ಮುಗಿಯುತ್ತ ಬಂದಿತ್ತು. ಪಂದ್ಯ ಸೋತು ಆಗಿತ್ತು, ಒಂದು ಪಾಯಿಂಟು ಬಂದರೂ ಬಿಟ್ಟರೂ ಕಪ್ ಚಿತ್ತಾಪುರದ್ದೇ. ಆದರೆ ಸರದಿ ಸೇಡಂನದು, ಹೋಗಬೇಕಾದವಳು ಆಕೆ. ಬೇರೆ ಯಾರೂ ಇರಲಿಲ್ಲ.

"ಟೀಚರ್! ಕಬಡ್ಡಿ ಅನ್ರಿ! ಕಬಡ್ಡಿ!" ಎಂದು ಸುಮಂಗಲಾ ಹೊರಗಿನಿಂದ ಕೂಗಿದಳು.

ವಿಮಲಾಬಾಯಿ ಗೆರೆಯ ಮುಂದೆ ನಿಂತಳು. ಇದು ಮುಗಿದರೆ ಮುಗಿಯಿತು. ಮುಂದಿನ ವರ್ಷದ ಕೂಟದ ಹೊತ್ತಿಗೆ ಆಕೆ ನೌಕರಿಯಲ್ಲೇ ಇರುವುದಿಲ್ಲ. ಉಸಿರು ತುಂಬಿಕೊಂಡು "ಕಬಡ್ಡಿ ಕಬಡ್ಡಿ ಕಬಡ್ಡಿ" ಎನ್ನುತ್ತ ಒಳಗೆ ಹೋದಳು. ಸರಿಯಾಗಿ, ಸ್ಪಷ್ಟವಾಗಿ, ಮಕ್ಕಳಿಗೆ ಉಕ್ತಲೇಖನ ಬರೆಸುವ ಹಾಗೆ. ತೌಹೀದ ತಲೆಯಾಡಿಸಿದ. ಲೀಲಾಬಾಯಿ ನಗುತ್ತ ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟು ಸಾಕಾಯಿತು. ವಿಮಲಾಬಾಯಿ ಆ ಮೈಯನ್ನು ಹೇಗೆ ಹೊರಳಿಸಿದಳೋ, ಲೀಲಾಬಾಯಿಯ ಮೊಣಕೈಗೆ ಫಟ್ಟನೆ ಹೊಡೆದು ಹಿಂದಕ್ಕೆ ತಿರುಗಿದಳು.

ಮಂದಿ ಹೋ ಎಂದರು. ಪಾಯಿಂಟು ಈಗ ಗೆರೆಯಾಚೆ ಇತ್ತು. ನಾಲ್ಕು ಹೆಜ್ಜೆ ಹಾಕಿದರೆ ಆಕೆಯದು.

ಎರಡನೆಯ ಹೆಜ್ಜೆಗೆ ಯಾರೋ ಕಾಲು ಹಿಡಿದರು. ವಿಮಲಾಬಾಯಿ ಬಿದ್ದಳು. ಮೇಲೆ ಒಬ್ಬಳು ಬಿದ್ದಳು, ಅವಳ ಮೇಲೆ ಇನ್ನಿಬ್ಬರು, ಎಲ್ಲರ ಮೇಲೆ ಲೀಲಾಬಾಯಿ. ಗೆರೆ ಕಣ್ಣಿನ ಮುಂದೆಯೇ ಇತ್ತು, ಕೈ ಚಾಚಿದರೂ ಒಂದು ಮೊಳ ಉಳಿಯುತ್ತಿತ್ತು. ಬಾಯಲ್ಲಿ ಕಬಡ್ಡಿ ನಡೆದೇ ಇತ್ತು, ಆದರೆ ಪ್ರತಿ ಡ್ಡಿಗೂ ಉಸಿರು ಬಸಿದು ಹೋಗುತ್ತಿತ್ತು. ಉಸಿರಿಗೆ ಮನೆಯ ಪಡಸಾಲೆ ಬಂತು, ಇನ್ನು ಮುಂದಕ್ಕೆ ಹೋಗುವುದಿಲ್ಲ ಎಂದು ಆಕೆಗೆ ಗೊತ್ತಾಯಿತು.

ಸಿನಿಮಾ ಆಗಿದ್ದರೆ ಇಲ್ಲಿ ಮಳೆ ಬರುತ್ತಿತ್ತು, ತಾಯಿಯ ಮುಖ ಕಾಣುತ್ತಿತ್ತು, ಪಿಟೀಲು ಏರುತ್ತಿತ್ತು. ಶಹಾಬಾದಿನಲ್ಲಿ ಬಿಸಿಲಿತ್ತು. ವಿಮಲಾಬಾಯಿಯ ಕಿವಿಯಲ್ಲಿ ಯಾರದೋ ಮೊಣಕಾಲು ಇತ್ತು. ಆಕೆಯ ಮುಂದೆ ಎರಡೇ ದಾರಿ. ಕಬಡ್ಡಿ ಎನ್ನುತ್ತ ಇಲ್ಲೇ ಉಸಿರು ಬಿಟ್ಟು ಮರ್ಯಾದೆಯಿಂದ ಔಟಾಗಬಹುದು. ಇಲ್ಲವೇ ಹುತುತು ಎಂದು ಗೆರೆ ಮುಟ್ಟಬಹುದು. ಮುಟ್ಟಿದರೂ ಅದು ಪಾಯಿಂಟಲ್ಲ. ಎರಡರಲ್ಲೂ ಆಕೆಗೆ ಸಿಗುವುದು ಸೊನ್ನೆ.

"ಕಬಡ್ಡಿ ಕಬ... ಹುತುತುತುತುತುತು!"

ತೌಹೀದ ಸೀಟಿ ಊದಿದ. ನಾಗೇಂದ್ರಪ್ಪನೂ ಊದಿದ. ಯಾರೂ ಯಾವುದಕ್ಕೂ ಕಿವಿಗೊಡಲಿಲ್ಲ, ಹಿಡಿದವರು ಬಿಡಲಿಲ್ಲ. ವಿಮಲಾಬಾಯಿ ಮೊಣಕೈ ಊರಿ, ಬೆನ್ನ ಮೇಲಿನ ಚಿತ್ತಾಪುರವನ್ನು ಅನಾಮತ್ತಾಗಿ ಎಳೆದುಕೊಂಡು ಒಂದು ಗೇಣು ಸರಿದಳು. ಮಂದಿಯ ನಗು ನಿಂತಿತು. ಆಕೆ ಇನ್ನೊಂದು ಗೇಣು ಸರಿದಳು. ಹಿಂದೆ ನಿಂತಿದ್ದ ನಡುವಯಸ್ಸಿನ ಹೆಂಗಸರ ಗುಂಪಿನಲ್ಲಿ ಯಾರೋ "ಹುತುತು" ಎಂದರು. ಇನ್ನೊಬ್ಬರು ಸೇರಿದರು. ಆಮೇಲೆ ಆ ಕಡೆಯಿಂದ ದೊಡ್ಡ ದನಿಯೇ ಎದ್ದಿತು. ತೌಹೀದ ಊದಿ ಊದಿ ಕೆಂಪಾದ. ಬೆನ್ನ ಮೇಲಿದ್ದವರಲ್ಲಿ ಒಬ್ಬಳಿಗೆ ನಗು ತಡೆಯಲಾರದೆ ಕೈ ಸಡಿಲವಾಯಿತು. ವಿಮಲಾಬಾಯಿಯ ಬೆರಳು ಗೆರೆಯ ಮೇಲೆ ಬಿದ್ದಿತು. ಉಗುರಿನೊಳಗೆಲ್ಲ ಸುಣ್ಣ ಹೊಕ್ಕಿತು.

"ಔಟ್ ರಿ ಟೀಚರ್. ಪಾಯಿಂಟ್ ಚಿತ್ತಾಪುರಕ್ಕ. ಟೈಮ್ ಆಯ್ತು" ಎಂದ ತೌಹೀದ, ಪಾಪ, ತಗ್ಗಿದ ದನಿಯಲ್ಲಿ.

ವಿಮಲಾಬಾಯಿ ವಾದಿಸಲಿಲ್ಲ. ಅಲ್ಲೇ ಬೋರಲು ಬಿದ್ದು ಏದುಸಿರು ಬಿಡುತ್ತಿದ್ದಳು. ಲೀಲಾಬಾಯಿ ಇನ್ನೂ ಆಕೆಯ ಬೆನ್ನ ಮೇಲೆ ಗಲ್ಲ ಊರಿಕೊಂಡಿದ್ದಳು.

"ಅದು ಪಾಯಿಂಟ್ ಆಗಂಗಿಲ್ಲ ಅಂತ ನಿಮಗ ಗೊತ್ತಿತ್ತಲ್ರಿ?"

"ಗೊತ್ತಿತ್ತು."

"ಮತ್ತ ಯಾಕ ಎಳದ್ರಿ ನಮ್ಮನ್ನೆಲ್ಲ?"

"ಪಾಯಿಂಟ್ ಬೇಕಂತ ಇಷ್ಟು ವರ್ಷ ಕುಂತಿದ್ನೆವ್ವ. ಆ ಗೆರಿ ಕಂಡ ಮ್ಯಾಗ ಪಾಯಿಂಟಿನ ನೆನಪೇ ಉಳೀಲಿಲ್ಲ ನೋಡು" ಎಂದಳು ವಿಮಲಾಬಾಯಿ. ಹೇಳುತ್ತಲೇ ಅಳು ಬಂತು. ಅಳುತ್ತಲೇ ನಕ್ಕಳು. ಅಂಥ ಸುಖ ಆಕೆಗೆ ಯಾವ ಸ್ಟೀಲು ಡಬ್ಬಿಯಿಂದಲೂ ಸಿಕ್ಕಿರಲಿಲ್ಲ.

ಮೈಕಿನಲ್ಲಿ ಬಹುಮಾನ ವಿತರಣೆಗೆ ಗೆದ್ದವರನ್ನು ಕರೆಯತೊಡಗಿದರು. ಲೀಲಾಬಾಯಿ ಎದ್ದು ಮೈಮೇಲಿನ ಮಣ್ಣು ಕೊಡವಿಕೊಂಡಳು. ವೇದಿಕೆಯ ಕಡೆ ಒಮ್ಮೆ ನೋಡಿದಳು, ಆ ಕಡೆ ಹೋಗಲಿಲ್ಲ.

"ನಾ ರಾವೂರದಾಕಿ ರಿ ಟೀಚರ್. ನಮ್ಮೂರಾಗೂ ಹುತುತೇ ಇತ್ತು. ಕಾಲೇಜಿನ್ಯಾಗ ಮಂದಿ ನಕ್ಕಾರಂತ ಬಿಟ್ಟಿದ್ದೆ" ಎಂದಳು. ಎಂದವಳೇ ತನ್ನ ಕಡೆಗೆ ಹೋಗಿ, ಕೊರಳಿನ ಸರವನ್ನು ಒಳಗೆ ಸರಿಸಿ, ತೊಡೆ ತಟ್ಟಿ ನಿಂತಳು. "ಏಳ್ರಿ. ಈಗ ನಾ ಬರ್ತೀನಿ. ದಮ್ಮಿದ್ರ ಹಿಡೀರಿ."

ನಾಗೇಂದ್ರಪ್ಪ ಅಳುತ್ತ ಹೆಂಡತಿಯನ್ನು ಎಬ್ಬಿಸಲು ಓಡಿ ಬಂದ. "ಆ ಸೀಟಿ ಕಿಸೆದಾಗ ಇಟ್ಟು ಅತ್ತ ಸರೀರಿ" ಎಂದಳು ವಿಮಲಾಬಾಯಿ. ಸೊಂಟ ಹಿಡಿದುಕೊಂಡು ತಾನೇ ಎದ್ದಳು. ಸುಮಂಗಲಾ ಮತ್ತು ಉಳಿದವರು ಒಬ್ಬೊಬ್ಬರಾಗಿ ಅಂಗಳಕ್ಕೆ ಇಳಿದು ಕೈ ಕೈ ಹಿಡಿದರು. ಈ ಸಲ ಮೂಲೆಯಲ್ಲಿ ಸುಮಂಗಲಾ, ನಡುವೆ ವಿಮಲಾಬಾಯಿ. ಮೈಕು ಕೂಗುತ್ತಲೇ ಇತ್ತು, ಲೀಲಾಬಾಯಿ ಹುತುತು ಎನ್ನುತ್ತ ಗೆರೆ ದಾಟಿ ಬಂದಳು.